ನಾಲ್ಕು ತೂತು ಅಂದವರು ಗೇಣುದ್ದ ಕೊಯ್ದದ್ದು ಯಾಕೆ?

ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೊಸ್ಕೋಪಿ, ಅಂದರೆ ಸಣ್ಣ ತೂತುಗಳಲ್ಲಿ ಕ್ಯಾಮರಾ ಹಾಕಿ ಮಾಡುವ ಆಪರೇಷನ್, ಅಂತ ಒಳಗೆ ಹೋದವರು ಬಲ ಪಕ್ಕೆಯಡಿ ಗೇಣುದ್ದ ಹೊಲಿಗೆ ಹಾಕಿಸಿಕೊಂಡು ಹೊರಬಂದರೆ, ಮಂಗಳೂರಿನಲ್ಲಿ ಪ್ರಶ್ನೆ ಒಂದೇ: "ಫೇಲ್ ಆಯ್ತಾ ಡಾಕ್ಟ್ರೆ?" ದುಬೈಯಲ್ಲಿರುವ ಮಗ ಫೋನಿನಲ್ಲಿ ಕೇಳುವುದು ಇನ್ನೂ ಚಂದ: "ಮಿಷನ್ ಹಳತಾ?"

ಮಿಷನ್ ಹೊಸತೇ ಮಾರಾಯ್ರೆ. ಹಳತಾದದ್ದು ಕಾಯಿಲೆ. ಗ್ಯಾಸ್ಟ್ರಿಕ್ ಅಂತ ಎರಡು ವರ್ಷ ಮಾತ್ರೆ ನುಂಗಿದ್ದು ಯಾರು?

ಹೊಕ್ಕುಳಲ್ಲಿ 10 ಮಿ.ಮೀ. ತೂತು, ಕ್ಯಾಮರಾಕ್ಕೆ. ಎದೆಮೂಳೆಯ ಕೆಳಗೆ ಇನ್ನೊಂದು, ಬಲಗಡೆ 5 ಮಿ.ಮೀ.ಯ ಎರಡು. ಇಲ್ಲಿವರೆಗೆ ಸುಲಭ. ಪಿತ್ತಕೋಶ ತೆಗೆಯಲು ಅದರ ನಾಳಗಳಿಗೆ ಕ್ಲಿಪ್ ಹಾಕಿ ಕತ್ತರಿಸುವ ಮೊದಲು, 1995ರಲ್ಲಿ ಸರ್ಜನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಹೇಳಿದ ಮೂರು ಷರತ್ತು ಪೂರೈಸಬೇಕು. ಪಿತ್ತಕೋಶದ ಕುತ್ತಿಗೆಯ ಪಕ್ಕದ ತ್ರಿಕೋನದಲ್ಲಿ ಕೊಬ್ಬು, ನಾರು ಉಳಿದಿರಬಾರದು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರಿನಿಂದ ಬಿಡಿಸಿರಬೇಕು. ಅದರೊಳಗೆ ಹೋಗುವುದು ಎರಡೇ ಎರಡು ಎಂದು ಕಣ್ಣಿಗೆ ಕಾಣಬೇಕು: ಒಂದು ನಾಳ, ಒಂದು ರಕ್ತನಾಳ.

ಮತ್ತೆ ಮತ್ತೆ ಬಾತು ಒಣಗಿದ ಪಿತ್ತಕೋಶದಲ್ಲಿ ಇದೆಲ್ಲ ಹಲಸಿನ ಮೇಣ ಹಿಡಿದ ಹಾಗೆ ಅಂಟಿಕೊಂಡಿರುತ್ತದೆ. ಎಳೆದಾಗ ಲಿವರಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳವೇ ಮೇಲೆದ್ದು ಬಂದು, ಕತ್ತರಿಸಬೇಕಾದ ಸಣ್ಣ ನಾಳದಂತೆ ಕಾಣುತ್ತದೆ. ಅದಕ್ಕೆ ಕ್ಲಿಪ್ ಹಾಕಿ ಕತ್ತರಿಸಿದರೆ ಕಾಮಾಲೆ, ಸೋಂಕು, ಕರುಳನ್ನೇ ನಾಳಕ್ಕೆ ಜೋಡಿಸುವ ಇನ್ನೊಂದು ದೊಡ್ಡ ಆಪರೇಷನ್. ರಕ್ತ ಚಿಮ್ಮಿದರೂ ಹಾಗೆಯೇ. ಗಾಜ್ ಒತ್ತಿ ಹಿಡಿದು ಕಾಯಬೇಕು. ಕಾಣದೆ ಕ್ಲಿಪ್ ಹಾಕಿದರೆ ಲಿವರಿಗೆ ಹೋಗುವ ರಕ್ತನಾಳವೇ ಸಿಕ್ಕಿಬೀಳಬಹುದು. ಹಾಗಾಗಿ ಕೆಲವೊಮ್ಮೆ ಪಿತ್ತಕೋಶದ ಒಂದು ಭಾಗ ಬಿಟ್ಟು ಬರುತ್ತೇವೆ, ಕೆಲವೊಮ್ಮೆ ಹೊಟ್ಟೆ ಕೊಯ್ದು ತೆರೆಯುತ್ತೇವೆ. ಕೊಯ್ದ ಮಾತ್ರಕ್ಕೆ ಅಂಟು ಬಿಡುವುದಿಲ್ಲ. ಬೆರಳಿಗೆ ಸಿಗುತ್ತದೆ, ಅಷ್ಟೇ. ಬೇಕಾದರೆ ಕೊಯ್ಯುತ್ತೇವೆ ಅಂತ ನೀವು ಓದದೆ ಸಹಿ ಹಾಕಿದ ಕಾಗದದಲ್ಲೇ ಉಂಟು.

ಆ ಕಾಗದದ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಇದು: "ನಾನು ಅರಿವಳಿಕೆಯಲ್ಲಿರುವಾಗ ಬೇರೇನಾದರೂ ಕಂಡರೆ ಯಾರನ್ನು ಕೇಳ್ತೀರಿ?" ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಎಚ್ಚರವಾಗುವ ತನಕ ಕಾದರೆ ಜೀವಕ್ಕೋ ಆರೋಗ್ಯಕ್ಕೋ ಅಪಾಯ ಎಂದಿದ್ದರೆ ಮಾತ್ರ ವಿನಾಯಿತಿ. ಆ ಪ್ರಕರಣದಲ್ಲಿ ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿ ಕೊಟ್ಟ ಒಪ್ಪಿಗೆ ನಿಲ್ಲಲಿಲ್ಲ. ಹಾಗಾಗಿ ಪಿತ್ತಕೋಶಕ್ಕೆಂದು ಹೋದಾಗ ಅಂಡಾಶಯದಲ್ಲಿ, ತುರ್ತಿಲ್ಲದ, ಒಂದು ಗಡ್ಡೆ ಕಂಡರೆ ಫೋಟೋ ತೆಗೆದು ಹೊರಗೆ ಬರಬೇಕು. "ಹೇಗೂ ತೆರೆದಿದ್ದೀರಲ್ಲ, ಅದನ್ನೂ ಒಟ್ಟಿಗೆ ತೆಗೆದುಬಿಡಿ" ಅಂತ ಬಾಗಿಲ ಹೊರಗೆ ಗಂಡ ಹೇಳುತ್ತಿದ್ದರೂ.