ಮೊಣಕಾಲುದ್ದ ನೀರಿನ ಮೀನು

ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಮೀನು ಹಿಡಿಯುವುದಕ್ಕೆ ಎರಡೇ ಕಾಲಗಳಿದ್ದವು. ಬೇಸಿಗೆಯಲ್ಲಿ ಹೇಮಾವತಿಯ ಗುಂಡಿಗಳ ದಂಡೆಯ ಮೇಲೆ ಕುಳಿತು, ಬಿದಿರು ಕೋಲಿನ ಗಾಳಕ್ಕೆ ಎರೆಹುಳು ಸಿಕ್ಕಿಸಿ, ಬೆಂಡು ಮುಳುಗುವುದನ್ನು ಕಾಯುತ್ತಿದ್ದೆವು. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರುವ ಹತ್ತುಮೀನನ್ನು ರಾತ್ರಿ ಟಾರ್ಚು, ಕತ್ತಿ ಹಿಡಿದು ಕಾಯುತ್ತಿದ್ದೆವು. ಸಮುದ್ರದ ನೀರಿನೊಳಗೆ ನಡೆದುಹೋಗಿ, ನಿಂತಲ್ಲೇ ಗಂಟೆಗಟ್ಟಲೆ ಗಾಳ ಬೀಸುತ್ತ, ಒಂದೇ ಒಂದು ಮೀನಿಗಾಗಿ ಇಡೀ ದಿನ ಕಳೆಯುವ ಜನರೂ ಇದ್ದಾರೆಂದು ನನಗೆ ತಿಳಿದದ್ದು, ಕೆಲಸದ ನಿಮಿತ್ತ ಡೆನ್ಮಾರ್ಕಿನ ಓಡೆನ್ಸೆಯಲ್ಲಿ ಮೂರು ವರ್ಷ ಇದ್ದಾಗ.

ಓಡೆನ್ಸೆ ಇರುವುದು ಫ್ಯೂನ್ ಎಂಬ ದ್ವೀಪದಲ್ಲಿ. ಡೆನ್ಮಾರ್ಕಿಗೆ 7,000 ಕಿಲೋಮೀಟರಿಗೂ ಹೆಚ್ಚು ಉದ್ದದ ಕರಾವಳಿಯಿದೆ. ಹೀಗಾಗಿ ಅಲ್ಲಿನವರಿಗೆ ಸಮುದ್ರವೆಂದರೆ ನಮಗೆ ಊರ ಕೆರೆಯಿದ್ದ ಹಾಗೆ. ಆ ಕರಾವಳಿಯ ಬಹುಭಾಗ ಆಳವಿಲ್ಲದ್ದು. ದಂಡೆಯಿಂದ ನೂರು ಹೆಜ್ಜೆ ಹೋದರೂ ನೀರು ಸೊಂಟ ಮುಟ್ಟದ ಜಾಗಗಳು ಬೇಕಾದಷ್ಟಿವೆ. ಆ ನೀರಿಗೆ ಬರುವ ಸಮುದ್ರ ಟ್ರೌಟ್ ಮೀನಿಗಾಗಿಯೇ ಜನ ಎದೆಮಟ್ಟದ ರಬ್ಬರ್ ಉಡುಪು ತೊಟ್ಟು ನೀರಿಗಿಳಿಯುತ್ತಾರೆ. ಈ ಉಡುಪಿಗೆ ವೇಡರ್ ಎನ್ನುತ್ತಾರೆ. ಅದರ ಮೇಲೆ ಸೊಂಟಕ್ಕೊಂದು ಬಿಗಿಯಾದ ಬೆಲ್ಟು ಕಟ್ಟಲೇಬೇಕು, ಏಕೆಂದರೆ ಕಾಲು ಜಾರಿ ಬಿದ್ದಾಗ ತಣ್ಣನೆಯ ನೀರು ಒಳಗೆ ನುಗ್ಗುವುದನ್ನು ಆ ಬೆಲ್ಟು ತಡೆಯುತ್ತದೆ. ಏಪ್ರಿಲ್ ಮೊದಲ ವಾರದ ಆ ನೀರಿನ ಚಳಿಯನ್ನು ಮಲೆನಾಡಿನ ಯಾವ ಮಾಗಿಯೂ ನನಗೆ ಕಲಿಸಿರಲಿಲ್ಲ.

ಮೊದಲ ದಿನ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಬೆಳಕು ಹರಿಯುವ ಹೊತ್ತಿಗೆ ದಂಡೆ ತಲುಪಿ, ದೊಡ್ಡ ಮೀನು ಆಳದಲ್ಲಿರುತ್ತದೆ ಎಂಬ ನಮ್ಮ ಹೊಳೆಗುಂಡಿಯ ಲೆಕ್ಕವನ್ನೇ ನಂಬಿ, ನೇರವಾಗಿ ಸೊಂಟದವರೆಗೆ ನೀರಿಗಿಳಿದು, ಕೈಲಾದಷ್ಟು ದೂರಕ್ಕೆ ಗಾಳ ಎಸೆಯತೊಡಗಿದೆ. ಅರ್ಧ ಗಂಟೆಯಾದರೂ ಏನೂ ಆಗಲಿಲ್ಲ. ಆಗ ಬೆನ್ನ ಹಿಂದೆ ಪಳಕ್ಕೆಂದು ಸದ್ದಾಯಿತು. ತಿರುಗಿ ನೋಡಿದರೆ ನನಗೂ ದಂಡೆಗೂ ನಡುವೆ, ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ, ಒಂದು ಸುಳಿ ಬಿಚ್ಚಿಕೊಳ್ಳುತ್ತಿತ್ತು. ನಾನು ನಡೆದುಬಂದ ದಾರಿಯಲ್ಲೇ ಮೀನು ಮೇಯುತ್ತಿತ್ತು. ಹಿಂದಿನಿಂದ ಬಂದ ಹಿರಿಯರೊಬ್ಬರು ನೀರಿಗೆ ಕಾಲಿಡದೆ, ದಂಡೆಯಿಂದ ಹತ್ತು ಹೆಜ್ಜೆ ಹಿಂದೆಯೇ ನಿಂತು, ದಂಡೆಯ ಉದ್ದಕ್ಕೆ ಸಮನಾಗಿ ನಾಲ್ಕೈದು ಬಾರಿ ಗಾಳ ಬೀಸಿದರು. ಆಮೇಲೆ ನನ್ನ ಕಡೆ ನೋಡಿ, ಮೊದಲು ದಂಡೆಯ ನೀರನ್ನು ಮುಗಿಸಬೇಕು, ಇಳಿಯುವುದು ಆಮೇಲೆ ಎಂದರು.

ಈ ಮೀನು ಅಷ್ಟು ತೆಳುನೀರಿಗೆ ಬರುವುದಕ್ಕೆ ಕಾರಣವಿದೆ. ವಸಂತದಲ್ಲಿ ಬಿಸಿಲಿಗೆ ಮೊದಲು ಕಾಯುವುದು ಆಳವಿಲ್ಲದ ನೀರು. ಅದರಲ್ಲೂ ಕಪ್ಪು ತಳದ ನೀರು. ಸಿಗಡಿ, ಮುಳ್ಳುಬೆನ್ನಿನ ಪುಟ್ಟ ಮೀನುಗಳು, ಮರಳಿನ ಕಡಲಹುಳುಗಳು ಅಲ್ಲೇ ಚುರುಕಾಗುತ್ತವೆ, ಟ್ರೌಟ್ ಅವುಗಳ ಬೆನ್ನುಹತ್ತಿ ಬರುತ್ತದೆ. ಬಿಳಿ ಮರಳಿನ ನಡುವೆ ಕಲ್ಲು ಮತ್ತು ಕಡಲಕಳೆಯ ಕಪ್ಪು ಮಚ್ಚೆಗಳಿರುವ ತಳವನ್ನು ಅಲ್ಲಿನ ಗಾಳಗಾರರು ಚಿರತೆತಳ ಎನ್ನುತ್ತಾರೆ. ಚಿರತೆಯನ್ನು ಕಂಡರಿಯದ ದೇಶದವರು ಇಟ್ಟ ಆ ಹೆಸರು ತೋಟದ ಬೇಲಿಯಲ್ಲಿ ಚಿರತೆಯ ಹೆಜ್ಜೆ ನೋಡಿ ಬೆಳೆದ ನನಗೆ ತಕ್ಷಣ ಹಿಡಿಸಿತು. ಮೀನು ಕಪ್ಪು ಮಚ್ಚೆಯ ನೆರಳಿನಲ್ಲಿ ಅಡಗಿದ್ದು, ಬಿಳಿ ಮರಳಿನ ಮೇಲೆ ಬರುವ ಬೇಟೆಯನ್ನು ಹಿಡಿಯುತ್ತದೆ. ಆದ್ದರಿಂದ ಗಾಳವನ್ನು ಮಚ್ಚೆಯ ಅಂಚಿನಲ್ಲೇ ಎಳೆಯಬೇಕು. ಹಾಗೆ ಎಳೆಯುವಾಗ ಪಾದವನ್ನು ಎತ್ತಿ ಇಡದೆ, ಉಳುಮೆ ಮಾಡಿದ ಗದ್ದೆಯಲ್ಲಿ ನಡೆಯುವಂತೆ ಮೆಲ್ಲಗೆ ಸರಿಸುತ್ತ ಸಾಗಬೇಕು. ಕಲ್ಲು ಕಾಲಿಗೆ ಮೊದಲೇ ತಿಳಿಯುತ್ತದೆ, ಸದ್ದೂ ಕಡಿಮೆ.

ಮೊದಲ ಮೀನು ಸಿಕ್ಕಿದ್ದು ಐದನೆಯ ಬಾರಿ ಹೋದಾಗ. ಅದನ್ನು ನೀರಿನೊಳಗೇ ಬಲೆಚೀಲದಲ್ಲಿ ಇಟ್ಟು ನೋಡಿದೆ. ಬೆನ್ನು ಹಸಿರುಗಪ್ಪು, ಪಕ್ಕೆ ಹೊಸ ಬೆಳ್ಳಿ ಲೋಟದಂತೆ, ಅದರ ಮೇಲೆ ಗುಣಾಕಾರದ ಚಿಹ್ನೆಯಂತಹ ಸಣ್ಣ ಕಪ್ಪು ಚುಕ್ಕಿಗಳು. ಹುರುಪೆ ಎಷ್ಟು ಸಡಿಲವೆಂದರೆ ಒದ್ದೆ ಕೈ ತಾಕಿದರೂ ನಾಲ್ಕಾರು ಅಂಗೈಗೆ ಅಂಟಿಕೊಂಡವು. ಅಳೆದರೆ 38 ಸೆಂಟಿಮೀಟರ್. ಅಲ್ಲಿ 40 ಸೆಂಟಿಮೀಟರಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಚೀಲವನ್ನು ಓರೆ ಮಾಡಿದೆ. ಅದು ಒಂದು ಗಳಿಗೆ ನನ್ನ ಕಾಲಿನ ಪಕ್ಕದಲ್ಲೇ ನಿಂತು, ಆಮೇಲೆ ಕಾಣದಾಯಿತು.

ಹಿಡಿಯುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕಟ್ಟಿಹಾಕಿದ್ದು ಈ ಮೀನಿನ ಹುಟ್ಟು. ಸಮುದ್ರದ ಮೀನೆಂದು ನಾನು ತಿಳಿದದ್ದು ಹುಟ್ಟುವುದು ನಮ್ಮ ತೋಟದ ಹಳ್ಳದಷ್ಟೇ ಅಗಲದ ತೊರೆಗಳಲ್ಲಿ. ಹೊಳೆಯಲ್ಲೇ ಉಳಿಯುವ ಕಂದು ಟ್ರೌಟ್ ಮತ್ತು ಸಮುದ್ರ ಟ್ರೌಟ್ ಎರಡೂ ಒಂದೇ ಜಾತಿ, ಸಾಲ್ಮೋ ಟ್ರುಟ್ಟಾ. ಒಂದೇ ತಾಯಿಯ ಮರಿಗಳಲ್ಲಿ ಕೆಲವು ತೊರೆಯಲ್ಲೇ ಬದುಕು ಮುಗಿಸುತ್ತವೆ, ಕೆಲವು ವಸಂತದಲ್ಲಿ ಮೈಬಣ್ಣ ಬದಲಿಸಿ ಬೆಳ್ಳಗಾಗಿ ಸಮುದ್ರಕ್ಕಿಳಿಯುತ್ತವೆ. ಇಳಿಯುವವುಗಳಲ್ಲಿ ಹೆಣ್ಣುಗಳೇ ಹೆಚ್ಚು, ಏಕೆಂದರೆ ಸಮುದ್ರದಲ್ಲಿ ತಿಂದು ದೊಡ್ಡದಾದಷ್ಟೂ ಹೊರುವ ಮೊಟ್ಟೆಗಳು ಹೆಚ್ಚುತ್ತವೆ. ಚಳಿಗಾಲದ ಮೊದಲಲ್ಲಿ ಅವು ತೊರೆ ಹತ್ತಿ, ಜಲ್ಲಿಕಲ್ಲಿನ ತಳದಲ್ಲಿ ಬಾಲದಿಂದ ಕುಳಿ ತೋಡಿ ಮೊಟ್ಟೆಯಿಡುತ್ತವೆ. ಆ ಜಲ್ಲಿಯ ಸಂದುಗಳಲ್ಲಿ ನೀರು ಹರಿಯದೆ ಕೆಸರು ತುಂಬಿದರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಮೊಟ್ಟೆಯಿಡುವ ಕಾಲವಾದ್ದರಿಂದ ನವೆಂಬರ್ 16ರಿಂದ ಜನವರಿ 15ರವರೆಗೆ ಬಣ್ಣಗಟ್ಟಿದ, ಅಂದರೆ ಮೊಟ್ಟೆಯಿಡಲು ಸಿದ್ಧವಾದ ಮೀನನ್ನು ಸಮುದ್ರದಲ್ಲೂ ಹಿಡಿಯುವಂತಿಲ್ಲ. ಹೊಳೆಬಾಯಿಗಳ ಸುತ್ತ 500 ಮೀಟರ್ ಜಾಗವನ್ನು ಕಾಯ್ದಿರಿಸಿದ್ದಾರೆ. ಫ್ಯೂನಿನಲ್ಲಿ 1990ರಿಂದ ಈಚೆಗೆ ತೊರೆಗಳಿಗೆ ಅಡ್ಡಲಾಗಿದ್ದ ಹಳೆಯ ಕಟ್ಟೆಗಳನ್ನು ತೆಗೆದು, ತಳಕ್ಕೆ ಜಲ್ಲಿ ಹಾಸುವ ಕೆಲಸ ಬಿಡದೆ ನಡೆದಿದೆ. ಒಂದು ಶನಿವಾರ ನಾನೂ ಹೋಗಿ ಬಕೆಟ್ಟಿನಲ್ಲಿ ಜಲ್ಲಿ ಹೊತ್ತೆ.

ಬಕೆಟ್ ಹೊರುತ್ತಿದ್ದಾಗ ನೆನಪಾದದ್ದು ನನ್ನ ದೊಡ್ಡಪ್ಪ. ಊರವರೆಲ್ಲ ಹತ್ತುಮೀನಿಗೆ ಹಳ್ಳದ ಅಡ್ಡ ಕೂಳಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಇಡುತ್ತಿದ್ದ ಕಾಲದಲ್ಲಿ ಅವರು ಹಳ್ಳದ ಪೂರ್ತಿ ಅಗಲಕ್ಕೆ ಇಡಲು ಬಿಡುತ್ತಿರಲಿಲ್ಲ. "ಒಂದು ಮಗ್ಗುಲು ಬಿಡ್ರೋ, ಬಸುರಿ ದಾರಿ ಕಟ್ಟಬಾರದು" ಎಂದು ಗದರುತ್ತಿದ್ದರು. ಆಗ ನಮಗದು ಮುದುಕರ ಜಿಪುಣತನದಂತೆ ಕಂಡಿತ್ತು, ಅರ್ಧ ಮೀನು ಕೈತಪ್ಪಿ ಹೋಗುತ್ತಿತ್ತಲ್ಲ.

ಊರಿಗೆ ಮರಳಿದ ವರ್ಷ ಮಳೆ ಹಿಡಿದ ಮೂರನೆಯ ರಾತ್ರಿ ಹಳ್ಳಕ್ಕೆ ಹೋದೆ. ನಾನಿಲ್ಲದಾಗ ತೋಟದ ರಸ್ತೆಗೆ ಮೋರಿ ಹಾಕಿಸಿದ್ದರು. ಸಿಮೆಂಟ್ ಪೈಪಿನ ಕೆಳಬಾಯಿ ಹಳ್ಳದ ನೀರಿಗಿಂತ ಒಂದೂವರೆ ಅಡಿ ಮೇಲಿತ್ತು. ಟಾರ್ಚಿನ ಬೆಳಕಿನಲ್ಲಿ ನೋಡುತ್ತ ನಿಂತೆ. ಗೇಣುದ್ದದ ಮೀನೊಂದು ಬೀಳುವ ನೀರಿಗೆ ಎದುರಾಗಿ ಹಾರಿ, ಪೈಪಿನ ಅಂಚಿಗೆ ಬಡಿದು ಕೆಳಗೆ ಬಿತ್ತು. ಮತ್ತೆ ಹಾರಿತು, ಮತ್ತೆ ಬಿತ್ತು. ಅದರ ಹಿಂದೆ ಇನ್ನೂ ಹತ್ತಾರು ಸುತ್ತುತ್ತಿದ್ದವು. ಅಲ್ಲಿ ಬಲೆಯೊಡ್ಡಿದ್ದರೆ ಬುಟ್ಟಿ ತುಂಬುತ್ತಿತ್ತು. ನನಗೆ ಕೈ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಣ್ಣನ ಮಗನನ್ನು ಕರೆದುಕೊಂಡು ಪೈಪಿನ ಕೆಳಗೆ ದಪ್ಪ ಕಲ್ಲುಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಸಂದಿಗೆ ಜಲ್ಲಿ ತುಂಬಿ, ನೀರು ನಿಂತು ಪೈಪಿನ ಬಾಯಿಗೆ ಸಮನಾಗುವಂತೆ ಮಾಡಿದೆವು. ಎರಡು ಭಾನುವಾರದ ಕೆಲಸ. ಮೊದಲ ಮಳೆಗೆ ಮೇಲಿನ ಸಾಲು ಕೊಚ್ಚಿಹೋಯಿತು, ಮತ್ತೆ ಕಟ್ಟಿದೆವು. ಜೂನ್ ಕೊನೆಯ ಒಂದು ರಾತ್ರಿ ಹುಡುಗ ಹಳ್ಳಕ್ಕೆ ಇಳಿಯಲು ಹೊರಟಾಗ ಅವನ ತೋಳು ಹಿಡಿದು ದಂಡೆಯಲ್ಲೇ ನಿಲ್ಲಿಸಿ, ಟಾರ್ಚು ಆರಿಸಲು ಹೇಳಿದೆ. ಸ್ವಲ್ಪ ಹೊತ್ತು ಮಳೆಯ ಸದ್ದೊಂದೇ ಇತ್ತು. ಆಮೇಲೆ ಮೋರಿಯ ಮೇಲ್ಬದಿಯ ಗದ್ದೆಯಲ್ಲಿ, ಹಿಮ್ಮಡಿ ಮುಳುಗದಷ್ಟು ನೀರಿನಲ್ಲಿ, ಬಾಲ ಬಡಿಯುವ ಸದ್ದು ಕೇಳಿತು. "ಚಿಕ್ಕಪ್ಪಾ, ಮೇಲೆ ಹೋಗಿದಾವೆ" ಎಂದು ಅವನು ಪಿಸುಗುಟ್ಟಿದ.