ಮುಂಸಾಲಿಗೆ ಮೂವರು

ವಾರ 1
ನಮ್ಮ ರಗ್ಬಿ ಕ್ಲಬ್ಬಿನ ಸಂಚಾಲಕನ ಕೆಲಸಕ್ಕೆ ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ. ಎಲ್ಲರೂ ಕೈಯೆತ್ತಿಬಿಟ್ಟರು ಎಂದರೂ ಸರಿಯೇ. ಕೊನೆಗೆ ನನ್ನ ಕೈಗೆ ಬಂದದ್ದು ಉಗ್ರಾಣದ ಬೀಗದ ಕೈ, ಹನ್ನೊಂದು ಚೆಂಡು, ಸೂಜಿಯಿಲ್ಲದ ಒಂದು ಪಂಪು. ಚೆಂಡುಗಳನ್ನು ನೆಲಕ್ಕೆ ಸುರಿದು ನೋಡಿದರೆ ಬಹುಪಾಲು 5ನೇ ಅಳತೆಯವು. ಅದು ದೊಡ್ಡವರ ಚೆಂಡು. ಹತ್ತರಿಂದ ಹದಿನಾಲ್ಕರ ಮಕ್ಕಳಿಗೆ 4, ಇನ್ನೂ ಚಿಕ್ಕವರಿಗೆ 3 ಬೇಕು. ಮಕ್ಕಳಿಗೆ ಕ್ಯಾಚ್ ಹಿಡಿಯಲು ಬರುವುದಿಲ್ಲವೆಂದು ಇಷ್ಟು ದಿನ ಗದರುತ್ತಿದ್ದೆವಲ್ಲ ಎಂದು ನಾಚಿಕೆಯಾಯಿತು.

ವಾರ 3
ಪಟ್ಟಿಯಲ್ಲಿ 22 ಹೆಸರು, ಮೈದಾನದಲ್ಲಿ 13 ಜನ. ಅವರಲ್ಲಿ ಒಂಬತ್ತು ಮಂದಿಗೆ ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಓಡುವ ಆಸೆ. ಸ್ಕ್ರಮ್ ಎಂದರೆ ಎರಡೂ ತಂಡಗಳ ಎಂಟೆಂಟು ಮಂದಿ ಬಗ್ಗಿ, ಹೆಣೆದುಕೊಂಡು, ಚೆಂಡಿಗಾಗಿ ಎದುರುಬದುರಾಗಿ ತಳ್ಳಾಡುವುದು. ಅದರ ಮುಂಸಾಲಿಗೆ, ಅಂದರೆ ಇಬ್ಬರು ಪ್ರಾಪ್‌ಗಳು ಮತ್ತು ನಡುವಿನ ಹುಕರ್‌ನ ಜಾಗಕ್ಕೆ, ಒಬ್ಬರೂ ಇಲ್ಲ. ಅಲ್ಲಿ ಯಾರನ್ನೋ ತಂದು ನಿಲ್ಲಿಸುವಂತಿಲ್ಲ. ತರಬೇತಿ ಪಡೆದವರೇ ಬೇಕು. 15 ಜನರ ತಂಡಕ್ಕೆ ಅಂಥವರು ಮೂವರು, 16 ಆದರೆ ನಾಲ್ವರು. ಇಲ್ಲದಿದ್ದರೆ ತಳ್ಳಾಟವಿಲ್ಲದ ಸ್ಕ್ರಮ್: ಚೆಂಡು ಹಾಕಿದ ತಂಡಕ್ಕೇ ಚೆಂಡು. ಅದು ನನ್ನ ಕಣ್ಣಿಗೆ ಉಪ್ಪಿಲ್ಲದ ಊಟ.

ವಾರ 4ರಿಂದ 6
ಮೂರು ವಾರವೂ ಇದೇ ಕೆಲಸ. ಮೊದಲು ಒಬ್ಬರಿಗೊಬ್ಬರು, ಆಮೇಲೆ ಮೂವರಿಗೆ ಮೂವರು, ಕೊನೆಗೆ ಎಂಟಕ್ಕೆ ಎಂಟು. ನಮ್ಮಲ್ಲಿ ಅಷ್ಟು ಜನ ಇಲ್ಲದ್ದರಿಂದ ಪಕ್ಕದ ಕ್ಲಬ್ಬಿನಿಂದ ಎರವಲು ತಂದೆವು. ಬೆನ್ನು ನೆಟ್ಟಗಿರಬೇಕು, ತಲೆ ಮತ್ತು ಭುಜ ಸೊಂಟಕ್ಕಿಂತ ಕೆಳಗಿಳಿಯಬಾರದು. ‘ಕ್ರೌಚ್, ಬೈಂಡ್, ಸೆಟ್’ ಎಂದು ರೆಫರಿ ಕೂಗುವ ಮೂರು ಪದಗಳ ನಡುವಿನ ಬಿಡುವಿನಲ್ಲಿ ಕಾಯುವುದನ್ನು ಕಲಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಲಿಷ್ಠರಿಗೇ ತಾಳ್ಮೆ ಕಡಿಮೆ.

ಹುಕರ್ ಸಿಕ್ಕಿದ್ದು ನಾನು ಊಹಿಸದ ಕಡೆ. ನಮ್ಮ ಜಮಾಖರ್ಚು ನೋಡಿಕೊಳ್ಳುವವರು, ನಲವತ್ತು ದಾಟಿದವರು, ‘ಒಮ್ಮೆ ನೋಡೋಣವೇ?’ ಎಂದರು. ಕಾಲಿನಿಂದ ಚೆಂಡನ್ನು ಹಿಂದಕ್ಕೆಳೆಯುವ ಚಳಕ ಅವರಿಗೆ ಎರಡೇ ದಿನದಲ್ಲಿ ಬಂತು. ಲೆಕ್ಕದ ಪುಸ್ತಕ ಮಾತ್ರ ಅಲ್ಲಿಂದೀಚೆಗೆ ಬಾಕಿ ಬಿದ್ದಿದೆ.

ವಾರ 7
ಮಳೆ. ಪಂಪಿನ ಸೂಜಿ ಕೊಂಡೆ.

ವಾರ 9
ಮೊದಲ ಪಂದ್ಯ. ಸರಿಯಾಗಿ 15 ಜನ, ಮುಂಸಾಲಿಗೆ ಮೂವರು. ದ್ವಿತೀಯಾರ್ಧದಲ್ಲಿ 12–10ರಿಂದ ಮುಂದಿದ್ದೆವು. ಆಗ ನಮ್ಮ ಒಬ್ಬ ಪ್ರಾಪ್, ಚೆಂಡು ಹಿಡಿದು ಬರುತ್ತಿದ್ದ ಎದುರಾಳಿಯನ್ನು ಟ್ಯಾಕಲ್ ಮಾಡಲು, ಅಂದರೆ ಹಿಡಿದು ಕೆಡವಲು, ಬಗ್ಗಿದ. ಎದುರಾಳಿಯ ಮೊಣಕಾಲು ಇವನ ತಲೆಗೆ ತಗುಲಿತು. ಪ್ರಜ್ಞೆಯೇನೂ ತಪ್ಪಲಿಲ್ಲ, ತಾನಾಗಿಯೇ ಎದ್ದು ನಿಂತ. ಆದರೆ ತಪ್ಪು ಸಾಲಿನ ಕಡೆಗೆ ನಡೆದ. ನಾನು ಓಡಿಹೋಗಿ ‘ಈಗ ಯಾವ ಅರ್ಧ ನಡೆಯುತ್ತಿದೆ?’ ಎಂದು ಕೇಳಿದೆ. ‘ಮೊದಲನೆಯದು’ ಎಂದ.

ಹೊರಗೆ ಕರೆದೆ. ಸಮುದಾಯ ಮಟ್ಟದ ಆಟದಲ್ಲಿ ಮಿದುಳಿಗೆ ಪೆಟ್ಟಾಗಿದೆಯೆಂಬ ಅನುಮಾನ ಬಂದರೆ ಸಾಕು, ಆ ದಿನ ಮತ್ತೆ ಇಳಿಸುವಂತಿಲ್ಲ. ದೊಡ್ಡ ಪಂದ್ಯಗಳಲ್ಲಿರುವಂತೆ ಪರೀಕ್ಷಿಸಿ ಮರಳಿ ಕಳಿಸುವ ವೈದ್ಯರ ತಂಡ ನಮ್ಮಲ್ಲಿಲ್ಲ. ಅವನು ಬೈದ. ನಮ್ಮ ಇಬ್ಬರು ಆಟಗಾರರೂ ದನಿಗೂಡಿಸಿದರು. ಕೋಪ ಅರ್ಥವಾಗುವಂಥದ್ದೇ, ಏಕೆಂದರೆ ಬದಲಿ ಪ್ರಾಪ್ ಇಲ್ಲ, ಸ್ಕ್ರಮ್‌ನಲ್ಲಿ ತಳ್ಳಾಟವೂ ಇಲ್ಲ. ಹಾಗಿದ್ದರೂ ಸ್ಕ್ರಮ್‌ಗೆ ಎಂಟು ಮಂದಿ ಸೇರಲೇಬೇಕಾದ್ದರಿಂದ ಹೊರಗಿನ ಸಾಲಿನಲ್ಲಿ ನಮಗೆ ಒಬ್ಬ ಕಡಿಮೆ. ಎದುರಾಳಿ ಆ ಖಾಲಿ ಜಾಗವನ್ನೇ ಹುಡುಕಿ ಅಂಚಿನಲ್ಲಿ ಟ್ರೈ ಹೊಡೆಯಿತು, ಅಂದರೆ ನಮ್ಮ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿತು. ಅದರ ಬೆನ್ನಿಗೆ ಗೋಲಿಗೆ ಒದೆಯುವ ಕನ್ವರ್ಷನ್ನೂ ಸೇರಿತು. 12–17.

ಅವನಿಗೆ ವಾಹನ ಓಡಿಸಲು ಬಿಡಲಿಲ್ಲ. ರಾತ್ರಿ ಒಂಟಿಯಾಗಿ ಇರಕೂಡದೆಂದು ಅವನ ಅಣ್ಣನಿಗೆ ಹೇಳಿದೆ.

ವಾರ 10
ಪಂದ್ಯದ ಮರುದಿನ ಬೆಳಿಗ್ಗೆ ಅವನಿಂದ ಫೋನ್. ತಲೆನೋವು, ಬೆಳಕು ನೋಡಲಾಗುತ್ತಿಲ್ಲ. ಲಕ್ಷಣಗಳು ಒಂದೆರಡು ದಿನ ತಡವಾಗಿಯೂ ಕಾಣಿಸಿಕೊಳ್ಳಬಹುದೆಂದು ಓದಿದ್ದೆ. ಆದರೂ ಆ ದನಿ ಕೇಳಿ ಕಾಲು ಸಣ್ಣಗೆ ನಡುಗಿತು. ವೈದ್ಯರು ವಿಶ್ರಾಂತಿ ಹೇಳಿದ್ದಾರೆ. ಆಮೇಲೆ ಹಂತ ಹಂತವಾಗಿ: ನಡಿಗೆ, ಓಟ, ಚೆಂಡಿನ ಅಭ್ಯಾಸ. ವೈದ್ಯರು ಒಪ್ಪಿದ ನಂತರವೇ ಟ್ಯಾಕಲ್.

ಮುಂಸಾಲಿನ ಲೆಕ್ಕ ಮತ್ತೆ ಎರಡಕ್ಕೆ ಇಳಿದಿದೆ. ಅಂದು ನನ್ನ ಮೇಲೆ ಕೂಗಾಡಿದ ಇಬ್ಬರಲ್ಲಿ ಒಬ್ಬ, ವಿಂಗ್ ಬಿಟ್ಟು ಬೇರೇನೂ ಬೇಡವೆನ್ನುತ್ತಿದ್ದವನು, ನಿನ್ನೆ ಅಭ್ಯಾಸದ ನಂತರ ಉಳಿದುಕೊಂಡ. ‘ಪ್ರಾಪ್‌ನ ಕಾಲು ಎಲ್ಲಿಡಬೇಕು?’ ಎಂದ. ಕತ್ತಲಾಗುವವರೆಗೆ ತೋರಿಸಿಕೊಟ್ಟೆ.