ಅರವತ್ತು ಮೈಲಿ ಓಡಿ, ಮೂರು ದಿನ ನಿಂತ ಕಾರು

ನವೆಂಬರ್ ತಿಂಗಳ ಒಂದು ಗುರುವಾರ ನಸುಕಿನಲ್ಲಿ ನಮ್ಮ ಕ್ಲಬ್ಬಿನ ನಾಲ್ಕು ಮಾರಿಸ್ ಮೈನರ್ ಕಾರುಗಳು ಆಕ್ಸ್‌ಫರ್ಡ್‌ನಿಂದ ಬರ್ಮಿಂಗ್‌ಹ್ಯಾಮ್‌ನತ್ತ ಹೊರಟವು. ಅಲ್ಲಿನ ನ್ಯಾಷನಲ್ ಎಕ್ಸಿಬಿಷನ್ ಸೆಂಟರ್‌ನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ನಡೆಯುವ ಹಳೆಯ ಕಾರುಗಳ ಪ್ರದರ್ಶನಕ್ಕೆ ಮಾಲೀಕರ ಕ್ಲಬ್ಬುಗಳು ನೂರಾರು ಸಂಖ್ಯೆಯಲ್ಲಿ ಬರುತ್ತವೆ. ಗುರುವಾರವೆಂದರೆ ಕಾರುಗಳನ್ನು ಒಳಗೆ ತಂದು ನಿಲ್ಲಿಸುವ ದಿನ. ಟ್ರೇಲರ್ ಮೇಲೆ ಹೇರಿಕೊಂಡು ಹೋದರೆ ಬಣ್ಣಕ್ಕೆ ಕೆಸರು ತಾಗುವುದಿಲ್ಲವೆಂಬ ವಾದ ಕ್ಲಬ್ಬಿನ ಸಭೆಯಲ್ಲಿ ಪ್ರತಿವರ್ಷ ಏಳುತ್ತದೆ, ಪ್ರತಿವರ್ಷವೂ ನಾನು ಅದರ ವಿರುದ್ಧ ಕೈಯೆತ್ತುತ್ತೇನೆ. ರಸ್ತೆಯ ಮೇಲೆ ಬರಲಾರದ ಕಾರನ್ನು ಜನರಿಗೆ ತೋರಿಸುವುದು ನನಗೆ ಎಂದೂ ರುಚಿಸಿಲ್ಲ.

1991ರಲ್ಲಿ ಪೂರ್ಣಗೊಂಡ ಎಂ-40 ಹೆದ್ದಾರಿಯಲ್ಲಿ ಹೋಗಿದ್ದರೆ ಬೇಗ ತಲುಪುತ್ತಿದ್ದೆವು. ಆದರೆ 948 ಸಿ.ಸಿ. ಎಂಜಿನ್ನೂ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳೂ ಇರುವ ನನ್ನ 1959ರ ಕಾರಿಗೆ, ಬೆನ್ನಿಗಂಟಿಕೊಂಡು ಬರುವ ಲಾರಿಗಳ ನಡುವೆ ಓಡುವುದು ಹಿತವಾದ ಅನುಭವವಲ್ಲ. ಆದ್ದರಿಂದ ಬ್ಯಾನ್‌ಬರಿ, ವಾರಿಕ್ ಊರುಗಳ ಮೇಲೆ ಹಾಯುವ ಹಳೆಯ ರಸ್ತೆಯನ್ನೇ ಹಿಡಿದೆವು. ಒಟ್ಟು ಸುಮಾರು 60 ಮೈಲಿ.

ಬ್ಯಾನ್‌ಬರಿ ದಾಟಿದ ಮೇಲೆ ನನ್ನ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಿಂದೆ ಬರುತ್ತಿದ್ದ ಹಿರಿಯ ಸದಸ್ಯರು ತಮ್ಮ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದು ಬಂದು, "ಕೀಲಿ ತಿರುಗಿಸಿ, ಸದ್ದು ಕೇಳಿಸುತ್ತದೆಯೇ ನೋಡೋಣ" ಎಂದರು. ಈ ಕಾರಿನಲ್ಲಿ ಪೆಟ್ರೋಲನ್ನು ಮೇಲೆತ್ತುವ ವಿದ್ಯುತ್ ಪಂಪು ಎಂಜಿನ್ ಕೋಣೆಯ ಹಿಂಗೋಡೆಗೆ ಅಂಟಿಕೊಂಡಿದ್ದು, ಕೀಲಿ ತಿರುಗಿಸಿದೊಡನೆ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತದೆ. ಅಂದು ಸದ್ದೇ ಇರಲಿಲ್ಲ. ಅವರು ಸ್ಕ್ರೂಡ್ರೈವರನ್ನು ತಿರುಗಿ ಹಿಡಿದು, ಅದರ ಹಿಡಿಕೆಯಿಂದ ಪಂಪಿನ ನೆತ್ತಿಗೆ ಬಾಗಿಲು ತಟ್ಟುವಂತೆ ಎರಡು ಬಾರಿ ತಟ್ಟಿದರು. ಒಳಗೆ ಕಪ್ಪಾಗಿ ಅಂಟಿಕೊಂಡಿದ್ದ ಸಂಪರ್ಕಬಿಂದುಗಳು ಬಿಡಿಸಿಕೊಂಡು ಟಿಕ್ ಟಿಕ್ ಶುರುವಾಯಿತು. ಇಡೀ ರಿಪೇರಿ ಅಷ್ಟೇ. ಬಿಂದುಗಳನ್ನು ಬಿಚ್ಚಿ ಉಜ್ಜಿರಬೇಕಾಗಿದ್ದ ಬೇಸಿಗೆಯಲ್ಲಿ ನಾನು ಬಂಪರಿಗೆ ಹೊಳಪು ಕೊಡುತ್ತಾ ಕುಳಿತಿದ್ದೆನೆಂಬುದು ಅವರಿಗೆ ಗೊತ್ತಿತ್ತು, ಆದರೂ ಆಡಿ ತೋರಿಸಲಿಲ್ಲ. ಗೇಡನ್‌ನಲ್ಲಿರುವ ಮೋಟಾರು ವಸ್ತುಸಂಗ್ರಹಾಲಯವನ್ನು ಹೊರಗಿನಿಂದಲೇ ಕಂಡು, ಮಧ್ಯಾಹ್ನದ ಹೊತ್ತಿಗೆ ಪ್ರದರ್ಶನದ ಸಭಾಂಗಣ ತಲುಪಿದೆವು.

ಒಳಗೆ ಹೋದ ಕೂಡಲೇ ಕಾರು ಕಾರಾಗಿ ಉಳಿಯುವುದಿಲ್ಲ. ಬೆಂಕಿಯ ಭಯದಿಂದ ಟ್ಯಾಂಕಿನಲ್ಲಿ ಪೆಟ್ರೋಲು ತಳ ಕಾಣುವಷ್ಟೇ ಇರಬೇಕು, ಬ್ಯಾಟರಿಯ ತಂತಿ ಬಿಚ್ಚಿರಬೇಕು, ನೆಲಕ್ಕೆ ಎಣ್ಣೆ ಬೀಳದಂತೆ ಎಂಜಿನ್ನಿನ ಕೆಳಗೆ ತಟ್ಟೆ ಇಟ್ಟಿರಬೇಕು. ಎಣ್ಣೆ ತೊಟ್ಟಿಕ್ಕುವುದರಲ್ಲಿ ನಮ್ಮ ಕಾರುಗಳು ಉದಾರಿಗಳಾದ್ದರಿಂದ ನಾವು ತಟ್ಟೆಗಳನ್ನು ಎಂದೂ ಮರೆಯುವುದಿಲ್ಲ.

ನಮ್ಮ ಮಳಿಗೆಯ ಮುಂಭಾಗದಲ್ಲಿ 1949ರ ಕಾರನ್ನು ನಿಲ್ಲಿಸಿದೆವು. ಜನ ಅದರ ಎರಡು ಭಾಗಗಳಲ್ಲಿ ಕೂಡಿಸಿದ ಮುಂಗಾಜನ್ನು ಮೊದಲು ನೋಡುತ್ತಾರೆ. ನಾವು ಅವರ ಗಮನವನ್ನು ಬಂಪರಿನತ್ತ ಎಳೆಯುತ್ತೇವೆ. ಅಲೆಕ್ ಇಸಿಗೊನಿಸ್ ರೂಪಿಸಿದ ಈ ಕಾರಿನ ಮಾದರಿ ಹೆಚ್ಚುಕಡಿಮೆ ಸಿದ್ಧವಾದ ಮೇಲೆ ಅದು ತೀರಾ ಇಕ್ಕಟ್ಟಾಗಿದೆಯೆಂದು ಅವರಿಗೆ ಅನ್ನಿಸಿ, ಅದನ್ನು ಉದ್ದಕ್ಕೆ ಸೀಳಿಸಿ ಎರಡು ಭಾಗಗಳನ್ನು ಒಂದರಿಂದೊಂದು ದೂರ ಸರಿಸಿ ನೋಡಿ, ಕೊನೆಗೆ ನಾಲ್ಕು ಅಂಗುಲ ಅಗಲ ಹೆಚ್ಚಿಸಿದರು. ಅಷ್ಟರಲ್ಲಿ ಬಂಪರುಗಳು ತಯಾರಾಗಿಬಿಟ್ಟಿದ್ದವು. ಅವುಗಳನ್ನೂ ನಡುವೆ ಕತ್ತರಿಸಿ ನಾಲ್ಕು ಅಂಗುಲದ ತುಂಡು ಸೇರಿಸಿದ್ದು ಆರಂಭದ ಕಾರುಗಳಲ್ಲಿ ಇಂದಿಗೂ ಕಾಣುತ್ತದೆ. ಬಾನೆಟ್ಟಿನ ನಟ್ಟನಡುವೆ ಚಪ್ಪಟೆಯಾಗಿ ಉಬ್ಬಿರುವ ಪಟ್ಟಿಯೂ ಅದೇ ನಾಲ್ಕು ಅಂಗುಲದ ಗುರುತು. ಬಂದವರಿಗೆ ಆ ಪಟ್ಟಿಯ ಮೇಲೆ ಅಂಗೈ ಅಡ್ಡಲಾಗಿ ಇಡಲು ಹೇಳುತ್ತೇನೆ. ದೊಡ್ಡವರ ಅಂಗೈ ಬಹುತೇಕ ಸರಿಯಾಗಿ ಕೂರುತ್ತದೆ.

ಈ ಕಾರು ಲೋಕಕ್ಕೆ ಕಾಣಿಸಿಕೊಂಡದ್ದು ಕೂಡ ಒಂದು ಪ್ರದರ್ಶನದಲ್ಲೇ, 1948ರ ಅಕ್ಟೋಬರಿನಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್‌ನಲ್ಲಿ. ಕಾರ್ಖಾನೆಯ ಒಡೆಯರಾದ ಲಾರ್ಡ್ ನಫೀಲ್ಡ್ ಅವರಿಗೆ ಇದರ ಆಕಾರವೇ ಹಿಡಿಸಿರಲಿಲ್ಲ. ಹಾಗಿದ್ದರೂ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾದ ಮೊದಲ ಬ್ರಿಟಿಷ್ ಕಾರು ಇದಾಯಿತು. ಅರ್ಲ್ಸ್ ಕೋರ್ಟ್ ಸಭಾಂಗಣ 2014ರಲ್ಲಿ ಮುಚ್ಚಿ, ಬಳಿಕ ನೆಲಸಮವಾಯಿತು. ಕಾರುಗಳು ಉಳಿದಿವೆ.

ಮೂರು ದಿನವೂ ನನ್ನ ಕಾರಿಗೆ ಹೆಚ್ಚು ಜನರನ್ನು ಸೆಳೆದದ್ದು ಬಾಗಿಲ ಪಕ್ಕದ ಕಂಬದಲ್ಲಿ ಅಡಗಿ ಕೂತಿರುವ ಕಿತ್ತಳೆ ಬಣ್ಣದ ಪುಟ್ಟ ಕೈ. ಮಿನುಗುವ ದೀಪ ಬರುವ ಮುನ್ನ ತಿರುವಿನಲ್ಲಿ ಹೊರಚಾಚುತ್ತಿದ್ದ ಸೂಚಕ ಅದು. ಬ್ಯಾಟರಿ ಕಳಚಿದ್ದರಿಂದ ನಾನೇ ಉಗುರಿನಿಂದ ಅದನ್ನು ಎತ್ತಿ ತೋರಿಸಬೇಕಾಗುತ್ತಿತ್ತು. ವೃದ್ಧರೊಬ್ಬರು ಏನೂ ಮಾತಾಡದೆ ಕಿಟಕಿಯಿಂದ ತಲೆ ಒಳಗಿಟ್ಟು ಸೀಟಿನ ವಾಸನೆ ಎಳೆದುಕೊಂಡು, ನಕ್ಕು ಮುಂದೆ ಹೋದರು.

ಎದುರಿನ ಮಳಿಗೆಯವರು ತಮ್ಮ ಕಾರಿನ ಅಡಿಗೆ ಕನ್ನಡಿಗಳನ್ನು ಹಾಸಿದ್ದರು. ಆ ಶ್ರದ್ಧೆಗೆ ತಲೆಬಾಗುತ್ತೇನೆ. ಆದರೆ ಯಾವ ಕಾರ್ಖಾನೆಯೂ ಎಂದೂ ಬಳಿದಿರದಷ್ಟು ಹೊಳಪಿನ ಬಣ್ಣ ಬಳಿದ ಮೇಲೆ, ಅಲ್ಲಿ ಕಾಣುವುದು ಹಳೆಯ ಕಾರೋ ಮಾಲೀಕರ ತಾಳ್ಮೆಯೋ ಎಂದು ಹೇಳುವುದು ಕಷ್ಟ. ನಮ್ಮ ಮೇಜಿನ ಮೇಲಿದ್ದದ್ದು ಎರಡೇ ಬಿಡಿಭಾಗಗಳು: ಮುಂದಿನ ಚಕ್ರದ ಆಧಾರವಾದ ಟ್ರನಿಯನ್ ಎಂಬ ತಿರುಪಿನ ಕೀಲು, ಸವೆದದ್ದೊಂದು, ಹೊಸದೊಂದು. ಹೊತ್ತು ಹೊತ್ತಿಗೆ ಗ್ರೀಸ್ ಬೀಳದಿದ್ದರೆ ತಿರುಪಿನ ಹಲ್ಲುಗಳು ಸವೆದು, ಒಂದು ದಿನ ಚಕ್ರವೇ ಮಡಚಿಕೊಂಡು ಕಾರು ಮುಗ್ಗರಿಸಿ ನೆಲಕ್ಕೂರುತ್ತದೆ. ಅದನ್ನು ಕೈಗೆ ಕೊಟ್ಟು ಬೆರಳಾಡಿಸಲು ಹೇಳಿದರೆ ಸಾಕು, ಮತ್ತೆ ವಿವರಣೆ ಬೇಕಾಗುತ್ತಿರಲಿಲ್ಲ. ಹೊಸದಾಗಿ ಮೈನರ್ ಕೊಂಡಿದ್ದ ಯುವತಿಯೊಬ್ಬರು ಸವೆದ ಕೀಲನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಗ್ರೀಸ್ ಗನ್ ಯಾವ ಬಗೆಯದು ಬೇಕೆಂದು ಬರೆದುಕೊಂಡು ಹೋದರು. ಆ ವರ್ಷದ ನಮ್ಮ ಪ್ರದರ್ಶನದಲ್ಲಿ ಸಾರ್ಥಕವಾದದ್ದು ಅದೇ ಎಂದು ನನ್ನ ಲೆಕ್ಕ.

ಭಾನುವಾರ ಸಂಜೆ ಕೊನೆಯ ಪ್ರೇಕ್ಷಕರು ಹೊರಗೆ ಹೋಗುವವರೆಗೂ ಎಂಜಿನ್ ಚಾಲೂ ಮಾಡುವಂತಿರಲಿಲ್ಲ. ಅನುಮತಿಯ ಘೋಷಣೆಯಾದ ಮೇಲೆ ಬ್ಯಾಟರಿಯ ತಂತಿ ಬಿಗಿದು, ತಟ್ಟೆಯನ್ನು ಹೊರಗೆಳೆದು, ಒಳಗೆ ಕೂತು ಕೀಲಿ ತಿರುಗಿಸಿದೆ. ಹಿರಿಯರು ಸ್ಕ್ರೂಡ್ರೈವರ್ ಹಿಡಿದು ಬಾನೆಟ್ಟಿನ ಪಕ್ಕದಲ್ಲಿ ಕಿವಿಗೊಟ್ಟು ನಿಂತಿದ್ದರು. ಟಿಕ್ ಟಿಕ್ ಕೇಳಿಸಿತು. ಅವರು ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿ ತಮ್ಮ ಕಾರಿನತ್ತ ನಡೆದರು.